ಬೆರಳ ಸಂದಿಯಲ್ಲಿ ನೀರು ಏನು ಮಾಡುತ್ತದೆ?

ಈಜುವಾಗ ಬೆರಳುಗಳನ್ನು ಒತ್ತಾಗಿ ಜೋಡಿಸಬೇಕಾ, ಸ್ವಲ್ಪ ಬಿಡಿಸಬೇಕಾ? ಕೈ ದೋಣಿಯ ಹುಟ್ಟಿನ ಹಾಗಿರಬೇಕು, ಸಂದಿ ಬಿಟ್ಟರೆ ನೀರು ಸೋರಿಹೋಗುತ್ತದೆ ಅಂತ ಅನ್ನಿಸೋದು ಸಹಜ ಅಲ್ವಾ? ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದವರಿಗೆ ಬೇರೆಯದೇ ಉತ್ತರ ಸಿಕ್ಕಿತು.

ಮೊದಲು ಕೈಯನ್ನು ಸ್ಕ್ಯಾನ್ ಮಾಡಿ ಅದರ ಆಕಾರವನ್ನು ಕಂಪ್ಯೂಟರಿಗೆ ತುಂಬುತ್ತಾರೆ. ಆಮೇಲೆ ಸುತ್ತಲಿನ ನೀರನ್ನು ಲಕ್ಷಗಟ್ಟಲೆ ಪುಟ್ಟ ಕೋಶಗಳಾಗಿ ಕತ್ತರಿಸುತ್ತಾರೆ. ಇದೇ ಮೆಶ್. ದೂರದಲ್ಲಿ ಕೋಶಗಳು ದೊಡ್ಡದಿದ್ದರೂ ನಡೆಯುತ್ತದೆ, ಚರ್ಮದ ಹತ್ತಿರ ಮಾತ್ರ ತೀರಾ ಸಣ್ಣದಿರಬೇಕು, ಯಾಕೆಂದರೆ ಚರ್ಮಕ್ಕೆ ತಾಗಿದ ನೀರು ಚರ್ಮಕ್ಕೇ ಅಂಟಿಕೊಂಡಿರುತ್ತದೆ, ಕೆಲವೇ ಮಿಲಿಮೀಟರ್ ಆಚೆ ಅದೇ ನೀರು ಪೂರ್ತಿ ವೇಗದಲ್ಲಿ ಓಡುತ್ತಿರುತ್ತದೆ. ಪ್ರತಿ ಕೋಶದಲ್ಲೂ ನೀರು ಹೇಗೆ ಹರಿಯುತ್ತದೆ ಅಂತ ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳನ್ನು ಬಿಡಿಸಬೇಕು. ಅವು 19ನೇ ಶತಮಾನದವು. ಆದರೆ ಕೈಯಂಥ ಅಂಕುಡೊಂಕಿನ ಆಕಾರಕ್ಕೆ ಅವನ್ನು ಪೆನ್ನು ಕಾಗದದಲ್ಲಿ ಬಿಡಿಸೋದು ಆಗದ ಮಾತು.

ಲೆಕ್ಕ ಮುಗಿದಾಗ ಬರೀ ಕಣ್ಣಿಗೆ ಕಾಣದ್ದು ಕಾಣುತ್ತದೆ: ಅಂಗೈ ಕಡೆ ಒತ್ತಡ ಜಾಸ್ತಿ, ಕೈಯ ಬೆನ್ನಿನ ಕಡೆ ಸುಳಿಗಳೆದ್ದು ಒತ್ತಡ ಕಡಿಮೆ. ಈಜುಗಾರನನ್ನು ಮುಂದೆ ತಳ್ಳೋದು ಮುಖ್ಯವಾಗಿ ಈ ವ್ಯತ್ಯಾಸವೇ. ಅಂಗೈ ನೀರಲ್ಲಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಸಾಗಿದರೆ ಸುಮಾರು 30 ನ್ಯೂಟನ್ ಬಲ ಹುಟ್ಟುತ್ತದೆ, ಅಂದರೆ ಕೈಯಲ್ಲಿ 3 ಕಿಲೋ ಎತ್ತಿ ಹಿಡಿದಷ್ಟು. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು!

ಈಗ ಸಂದಿಯ ವಿಷಯ. ಪೋರ್ಚುಗಲ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಇಂಥದೊಂದು ಕಂಪ್ಯೂಟರ್ ಲೆಕ್ಕದಲ್ಲಿ (ಸಿಮ್ಯುಲೇಷನ್) ಮೂರು ಕೈಗಳಿದ್ದವು: ಬೆರಳು ಜೋಡಿಸಿದ್ದು, ಬೆರಳ ತುದಿಗಳ ನಡುವೆ ಸುಮಾರು 3 ಮಿಲಿಮೀಟರ್ ಬಿಟ್ಟದ್ದು, 6 ಮಿಲಿಮೀಟರ್ ಬಿಟ್ಟದ್ದು. ನೀರು ಹೆಚ್ಚು ತಡೆ ಕೊಟ್ಟದ್ದು ನಡುವಿನದಕ್ಕೆ, ಅಂದರೆ 3 ಮಿಲಿಮೀಟರ್ ಬಿಟ್ಟ ಕೈಗೆ. ತಡೆ ಹೆಚ್ಚಿದಷ್ಟೂ ಈಜುಗಾರನನ್ನು ಮುಂದೆ ತಳ್ಳುವ ಬಲವೂ ಹೆಚ್ಚು. ನನಗೆ ತುಂಬಾ ಇಷ್ಟವಾಗೋದು ಇದರ ಹಿಂದಿನ ಕಾರಣ. ಕಿರಿದಾದ ಸಂದಿಯಲ್ಲಿ ಎರಡೂ ಬೆರಳಿಗೆ ಅಂಟಿದ ನಿಧಾನದ ನೀರಿನ ಪದರಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ, ಹಾಗಾಗಿ ಅಲ್ಲಿ ನುಸುಳುವ ನೀರು ಕಡಿಮೆ, ಸಂದಿಯೂ ಒಂದು ಗೋಡೆಯ ಹಾಗೆ ಕೆಲಸ ಮಾಡುತ್ತದೆ, ಕೈ ಸುಮ್ನೆ ಅಗಲವಾದಂತಾಗುತ್ತದೆ. ಇನ್ನೂ ಅಗಲಿಸಿದರೆ ಗೋಡೆ ಒಡೆದು ನೀರು ನುಗ್ಗುತ್ತದೆ.

ಒಂದು ಮಾತು ಮಾತ್ರ ಮರೆಯಬಾರದು. ಇಂಥ ಎಷ್ಟೋ ಲೆಕ್ಕಗಳಲ್ಲಿ ಕೈ ಅಲ್ಲಾಡದೆ ನಿಂತಿರುತ್ತದೆ, ನೀರು ಒಂದೇ ವೇಗದಲ್ಲಿ ಹರಿಯುತ್ತದೆ. ನಿಜವಾದ ಕೈ ತಿರುಗುತ್ತದೆ, ವೇಗ ಬದಲಿಸುತ್ತದೆ, ಹೊಸ ಸುಳಿ ಎಬ್ಬಿಸುತ್ತದೆ. ಅದನ್ನು ಹಿಡಿಯಬೇಕಾದರೆ ಕೈ ಸರಿದಂತೆಲ್ಲ ಮೆಶ್ ಕೂಡ ಬದಲಾಗಬೇಕು, ಕ್ಷಣಕ್ಷಣಕ್ಕೂ ಲೆಕ್ಕ ಹೊಸದಾಗಿ ನಡೆಯಬೇಕು. ಒಂದು ಸೆಕೆಂಡಿನ ಕೈಬೀಸಿಗೆ ಕಂಪ್ಯೂಟರ್ ದಿನಗಟ್ಟಲೆ ದುಡಿಯಬೇಕಾಗಬಹುದು.