ಕ್ವಿಲ್ಟಿಂಗ್‌ನಲ್ಲಿ ಹೊಲಿಗೆ ತಪ್ಪುವುದು: ಕುಣಿಕೆಯನ್ನು ಅರ್ಥ ಮಾಡಿಕೊಂಡರೆ ಸಾಕು

ಕ್ವಿಲ್ಟಿಂಗ್ ಎಂದರೆ ಮೇಲ್ಬಟ್ಟೆ, ನಡುವಿನ ಮೆತ್ತನೆಯ ಪದರ, ಅಡಿಬಟ್ಟೆ ಮೂರನ್ನೂ ಒಟ್ಟಿಗೆ ಹೊಲಿಯುವುದು. ಹೀಗೆ ಮೂರು ಪದರ ಸೇರಿಸಿ ಯಂತ್ರದಲ್ಲಿ ಹೊಲಿಯುವಾಗ ನಡುವೆ ಎಲ್ಲೋ ಹೊಲಿಗೆ ತಪ್ಪಿ, ಉದ್ದನೆಯ ದಾರವೊಂದು ಬಟ್ಟೆಯ ಮೇಲೆ ಸುಮ್ಮನೆ ಮಲಗಿರುತ್ತದೆ. ಇದಕ್ಕೆ ಹೇಳುವ ಕಾರಣಗಳು ಹತ್ತಾರು. ಅವನ್ನು ಬಾಯಿಪಾಠ ಮಾಡುವ ಬದಲು ಸೂಜಿಯ ಹಿಂಬದಿಯಲ್ಲಿ ಏನು ನಡೆಯುತ್ತದೆ ಎಂದು ನೋಡುವುದು ಮೇಲು.

ಸೂಜಿ ಕೆಳಗಿಳಿದ ಮಾತ್ರಕ್ಕೆ ಹೊಲಿಗೆ ಬೀಳುವುದಿಲ್ಲ. ತಳ ಮುಟ್ಟಿ ಸುಮಾರು 2 ಮಿಲಿಮೀಟರ್ ಮೇಲೇಳುವಾಗ, ಬಟ್ಟೆ ದಾರವನ್ನು ಹಿಡಿದುಕೊಂಡಿರುವುದರಿಂದ ದಾರ ಸೂಜಿಯ ಜೊತೆ ಏರಲಾರದೆ ಹಿಂದಕ್ಕೆ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಸೂಜಿಯ ಕೆಳಗಿನ ಕೊಕ್ಕೆ, ಅಂದರೆ ಹುಕ್ಕಿನ ಮೊನೆ ಆ ಕುಣಿಕೆಯೊಳಗೆ ನುಗ್ಗಿ ಅದನ್ನು ಬಾಬಿನ್ (ಕೆಳದಾರ ಸುತ್ತಿದ ಉರುಳೆ) ಸುತ್ತ ದಾಟಿಸುತ್ತದೆ. ಕುಣಿಕೆ ಸಿಗದಿದ್ದರೆ ಹೊಲಿಗೆ ಇಲ್ಲ.

ನನಗೆ ತೊಡಕಾಗಿದ್ದು ‘ಬಟ್ಟೆ ಹಿಡಿದುಕೊಂಡಿರುವುದರಿಂದ’ ಎಂಬಷ್ಟೇ ಭಾಗ. ನೇರ ಹೊಲಿಗೆಯಲ್ಲಿ ಪ್ರೆಸರ್ ಫುಟ್ ಬಟ್ಟೆಯನ್ನು ಅದುಮಿರುತ್ತದೆ. ಬಟ್ಟೆಯನ್ನು ಮುಂದೆ ಸರಿಸುವ ಹಲ್ಲುಗಳನ್ನು ಇಳಿಸಿ ಕೈಯಿಂದಲೇ ಬಟ್ಟೆ ಓಡಿಸುವ ಕ್ವಿಲ್ಟಿಂಗ್‌ನಲ್ಲಿ ಫುಟ್ ಬಟ್ಟೆಯನ್ನು ಸವರಿಕೊಂಡು ಹೋಗುತ್ತದೆ, ಅಷ್ಟೆ. ನಡುವಿನ ಪದರ ಬೇರೆ ಸ್ಪಂಜಿನಂತೆ ಪುಟಿಯುತ್ತದೆ. ಹಾಗಾಗಿ ಏಳುವ ಸೂಜಿಗೆ ಅಂಟಿ ಬಟ್ಟೆಯೂ ಮೇಲೇಳುತ್ತದೆ. ಬಟ್ಟೆ, ದಾರ, ಸೂಜಿ ಮೂರೂ ಒಟ್ಟಿಗೆ ಎದ್ದರೆ ದಾರ ಸಡಿಲವಾಗುವುದೆಲ್ಲಿ? ಕುಣಿಕೆ ಮೂಡುವುದಿಲ್ಲ, ಹುಕ್ ಬರಿಗೈಯಲ್ಲಿ ತಿರುಗಿ ಹೋಗುತ್ತದೆ.

ಪರೀಕ್ಷೆ ಸುಲಭ. ಪಕ್ಕದ ಚಕ್ರವನ್ನು ಕೈಯಿಂದ ನಿಧಾನವಾಗಿ ನಿಮ್ಮ ಕಡೆಗೆ ತಿರುಗಿಸುತ್ತ, ಸೂಜಿ ಏಳುವ ಹೊತ್ತಿಗೆ ಅದರ ಬುಡದ ಬಟ್ಟೆಯನ್ನು ನೋಡಿ. ಗುಡಾರದಂತೆ ಎದ್ದರೆ ಕಳ್ಳ ಸಿಕ್ಕಿದ. ಸೂಜಿ ಕೆಳಗಿದ್ದಾಗ ಫುಟ್ ಬಟ್ಟೆಯನ್ನು ಸ್ವಲ್ಪವೇ ಮುಟ್ಟುವಷ್ಟು ಅದನ್ನು ತಗ್ಗಿಸಿ. ತೀರ ತಗ್ಗಿಸಿದರೆ ಬಟ್ಟೆ ಸರಿಯದು. ಅಂಗೈಗಳನ್ನು ಸೂಜಿಯ ಎರಡೂ ಬದಿಗೆ ಚಪ್ಪಟೆಯಾಗಿಟ್ಟು ಹಿಡಿದರೂ ಉಪಯೋಗವಿದೆ. ಅಂಟು ಸ್ಪ್ರೇ ಬಳಸಿ ಪದರ ಜೋಡಿಸಿದ್ದರೆ ಸೂಜಿಯನ್ನು ಆಗಾಗ ಒರೆಸಿ. ಅಂಟು ಹಿಡಿದ ಸೂಜಿ ಬಟ್ಟೆಯನ್ನು ಇನ್ನೂ ಎತ್ತುತ್ತದೆ.

ತಿರುವುಗಳಲ್ಲಿ ಮಾತ್ರ ತಪ್ಪುತ್ತಿದ್ದರೆ ಕಥೆ ಬೇರೆ. ಸೂಜಿ ಇನ್ನೂ ಬಟ್ಟೆಯೊಳಗಿರುವಾಗಲೇ ಕೈ ಎಳೆದುಬಿಟ್ಟಿರುತ್ತದೆ. ಸೂಜಿ ಕೂದಲೆಳೆಯಷ್ಟು ಬಾಗಿದರೂ ಕುಣಿಕೆ ಮೊನೆಯ ದಾರಿಯಿಂದ ಸರಿಯುತ್ತದೆ. ಕೈಯನ್ನು ನಿಧಾನಿಸಿ, ಇನ್ನೂ ದಪ್ಪದ ಸೂಜಿ ಹಾಕಿ: ಸೂಜಿಯ ಅಳತೆ ಸಂಖ್ಯೆ 75 ಎಂದರೆ 0.75 ಮಿಲಿಮೀಟರ್ ದಪ್ಪ, 90 ಎಂದರೆ 0.9. ದಪ್ಪ ಸೂಜಿ ಅಷ್ಟು ಬೇಗ ಬಾಗುವುದಿಲ್ಲ. ಅಲಂಕಾರದ ದಪ್ಪ ದಾರಕ್ಕೆ ಟಾಪ್‌ಸ್ಟಿಚ್ ಸೂಜಿಯ ದೊಡ್ಡ ಕಣ್ಣೇ ಹಿತ.

ಉಳಿದದ್ದು ಗೊತ್ತಿರುವುದೇ: ಹೊಸ ಸೂಜಿ, ಅದನ್ನು ತುದಿಯವರೆಗೆ ಏರಿಸಿರಬೇಕು, ಹೆಚ್ಚಿನ ಮನೆಬಳಕೆಯ ಯಂತ್ರಗಳಲ್ಲಿ ಚಪ್ಪಟೆ ಬದಿ ಹಿಂದಕ್ಕೆ. ಫುಟ್ ಎತ್ತಿಟ್ಟೇ ದಾರ ಪೋಣಿಸಿ, ಇಲ್ಲದಿದ್ದರೆ ದಾರ ಅದನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಮೇಲ್ದಾರ ತೀರ ಬಿಗಿಯಾದರೆ ಕುಣಿಕೆ ಚಿಕ್ಕದಾಗುವುದು ನಿಜ, ಆದರೂ ಎಲ್ಲಕ್ಕಿಂತ ಮೊದಲು ಟೆನ್ಷನ್ ತಿರುಪನ್ನೇ ತಿರುಗಿಸುವ ಚಟ ನನಗೆ ಹಿಡಿಸದು. ಹುಕ್ಕಿನ ಟೈಮಿಂಗ್, ಅಂದರೆ ಸೂಜಿಯ ಚಲನೆಗೆ ಹುಕ್ ಹೊಂದಿಕೊಳ್ಳುವುದು, ಕೊನೆಯ ಅನುಮಾನ: ಹೊಸ ಸೂಜಿ ಹಾಕಿ, ತೆಳುವಾದ ಎರಡು ಪದರದ ಮೇಲಿನ ನೇರ ಹೊಲಿಗೆಯೂ ತಪ್ಪಿದರೆ ಯಂತ್ರವನ್ನು ಮೆಕ್ಯಾನಿಕ್‌ಗೆ ತೋರಿಸಿ.