ಮನೆಯೊಳಗಿನ ಗಿಡಕ್ಕೆ ಎಷ್ಟು ಬೆಳಕು ಬೇಕು?

ಒಳಗಿಟ್ಟ ಗಿಡ ಸೊರಗಿದರೆ ನಮ್ಮ ಅನುಮಾನ ಮೊದಲು ಹೋಗುವುದು ನೀರಿನ ಮೇಲೆ, ಆಮೇಲೆ ಗೊಬ್ಬರದ ಮೇಲೆ. ಬೆಳಕಿನ ಬಗ್ಗೆ ಯೋಚಿಸುವವರು ಕಡಿಮೆ. ಕೋಣೆ ಬೆಳಕಾಗಿಯೇ ಇದೆಯಲ್ಲ, ಅನ್ನುತ್ತೇವೆ. ಆದರೆ ಈ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವ ಹಾಗಿಲ್ಲ. ಬೆಳಕಿನ ಪ್ರಖರತೆಯನ್ನು ಅಳೆಯುವುದು ಲಕ್ಸ್‌ನಲ್ಲಿ. ನಡು ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಚೆನ್ನಾಗಿ ದೀಪ ಹಾಕಿದ ಕೋಣೆಯಲ್ಲಿ ಸಿಗುವುದು 300ರಿಂದ 500 ಲಕ್ಸ್ ಅಷ್ಟೇ. ಕಡಿಮೆಯೆಂದರೂ ಇನ್ನೂರು ಪಟ್ಟು ವ್ಯತ್ಯಾಸ! ನಮಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಬೆಳಕು ಕಡಿಮೆಯಾದ ಹಾಗೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಒಳಗಿನ ಅಕ್ಷಿಪಟಲವೂ ಹೊಂದಿಕೊಳ್ಳುತ್ತದೆ. ಎಲೆ ಇಷ್ಟು ಬೇಗ ಹೊಂದಿಕೊಳ್ಳಲಾರದು. ಮೇಲೆ ಬಿದ್ದ ಫೋಟಾನುಗಳಲ್ಲೇ, ಅಂದರೆ ಬೆಳಕಿನ ಕಣಗಳಲ್ಲೇ, ಅದು ತನ್ನ ಸಕ್ಕರೆ ಮಾಡಿಕೊಳ್ಳಬೇಕು. ಸಾಲದಿದ್ದರೆ ಕಾಂಡ ಸಪೂರವಾಗಿ ಉದ್ದಕ್ಕೆ ಬೆಳೆಯುತ್ತದೆ, ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ಇಡೀ ಗಿಡ ಕಿಟಕಿಯ ಕಡೆ ವಾಲುತ್ತದೆ.

ಇದಕ್ಕೆ ಪರಿಹಾರ ಎಲ್‌ಇಡಿ ಗ್ರೋ ಲೈಟ್, ಅಂದರೆ ಗಿಡ ಬೆಳೆಸಲೆಂದೇ ಮಾಡಿದ ದೀಪ. ಕೊಳ್ಳಲು ಹೊರಟ ಕೂಡಲೇ ಕಣ್ಣಿಗೆ ಬೀಳುವುದು ನೇರಳೆ ಬಣ್ಣದ ದೀಪಗಳು. ಗಿಡಕ್ಕೆ ಕೆಂಪು, ನೀಲಿ ಸಾಕು, ಹಸಿರು ಬೆಳಕು ಸುಮ್ನೆ ದಂಡ ಅನ್ನುವ ನಂಬಿಕೆ ಇದರ ಹಿಂದಿದೆ. ನಂಬಿಕೆಗೆ ಆಧಾರ ಇಲ್ಲವೆಂದಲ್ಲ. ಜರ್ಮನಿಯ ಥಿಯೋಡೋರ್ ಎಂಗಲ್‌ಮನ್ 1882ರಲ್ಲಿ ಒಂದು ಚಂದದ ಪ್ರಯೋಗ ಮಾಡಿದ್ದ. ಎಳೆಯಂಥ ಪಾಚಿಯೊಂದರ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣಗಳನ್ನು ಬೀಳಿಸಿ, ಆಮ್ಲಜನಕ ಹುಡುಕಿಕೊಂಡು ಹೋಗುವ ಬ್ಯಾಕ್ಟೀರಿಯಾಗಳನ್ನು ಆ ನೀರಿಗೆ ಬಿಟ್ಟ. ಅವು ಕೆಂಪು ಮತ್ತು ನೀಲಿ ಬಿದ್ದ ಜಾಗಗಳಲ್ಲಿ ಮುತ್ತಿಕೊಂಡವು. ಪಾಚಿ ಜಾಸ್ತಿ ಆಮ್ಲಜನಕ ಬಿಡುತ್ತಿದ್ದುದು ಅಲ್ಲೇ ಎಂದು ಇದರಿಂದ ತಿಳಿಯಿತು.

ಆದರೆ ತೆಳ್ಳನೆಯ ಪಾಚಿ ಬೇರೆ, ದಪ್ಪ ಎಲೆ ಬೇರೆ. 1972ರಲ್ಲಿ ಕೀತ್ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳನ್ನು ಒಂದೊಂದೇ ಬಣ್ಣದ ಬೆಳಕಿನಲ್ಲಿ ಅಳೆದು ನೋಡಿದರು. ಕೆಂಪು ಮುಂದಿತ್ತು, ನಿಜ. ಹಸಿರೂ ತೀರಾ ಹಿಂದೆ ಬಿದ್ದಿರಲಿಲ್ಲ. ಎಲೆಯ ಮೇಲೆ ಬಿದ್ದ ಹಸಿರು ಬೆಳಕಿನಲ್ಲಿ ಸ್ವಲ್ಪ ಭಾಗ ಮಾತ್ರ ವಾಪಸ್ ಬರುತ್ತದೆ, ನಮಗೆ ಎಲೆ ಹಸಿರಾಗಿ ಕಾಣಲು ಅಷ್ಟೇ ಸಾಕು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಒಳಗೆ ಹೋಗಿ, ಜೀವಕೋಶದಿಂದ ಜೀವಕೋಶಕ್ಕೆ ಚದುರುತ್ತಾ, ಕೆಂಪು ನೀಲಿಗಳು ತಲುಪದ ಕೆಳಪದರಗಳಲ್ಲಿ ಬಳಕೆಯಾಗುತ್ತದೆ.

ಹಾಗಾಗಿ ಮನೆಯ ನಾಲ್ಕು ಕುಂಡಗಳಿಗೆ ಮಾಮೂಲಿ ಬಿಳಿ ಎಲ್‌ಇಡಿ ಧಾರಾಳವಾಗಿ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಿಳಿ ಬಲ್ಬಿನ ಒಳಗಿರುವುದು ನೀಲಿ ಎಲ್‌ಇಡಿಯೇ. ಅದರ ಮೇಲೆ ಬಳಿದ ಫಾಸ್ಫರ್ ಎಂಬ ವಸ್ತು ಆ ನೀಲಿಯ ಒಂದಷ್ಟು ಪಾಲನ್ನು ಹಳದಿ, ಕೆಂಪು, ಹಸಿರಾಗಿ ಬದಲಿಸುತ್ತದೆ. (ಆ ನೀಲಿ ಎಲ್‌ಇಡಿ ಮಾಡುವುದೇ ದೊಡ್ಡ ಸವಾಲಾಗಿತ್ತು; ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು.) ನೇರಳೆ ಬೆಳಕಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಎಲೆ ಹಳದಿಯಾಗಿದೆಯೋ, ಕೀಟ ಹತ್ತಿದೆಯೋ ಅನ್ನುವುದು ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಗಿಡ ಸಾಕುವವರಿಗೆ ಅದೇ ಅಲ್ವಾ ಮೊದಲು ಕಾಣಬೇಕಾದ್ದು?

ಬಣ್ಣದ ಚಿಂತೆ ಬಿಟ್ಟು ಪ್ರಮಾಣದ ಕಡೆ ಗಮನ ಕೊಡಿ. ಗಿಡಕ್ಕೆ ಬೇಕಾದ, 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಫೋಟಾನುಗಳು ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದನ್ನು ಮೈಕ್ರೋಮೋಲ್‌ಗಳಲ್ಲಿ ಅಳೆಯುತ್ತಾರೆ (ಮೋಲ್ ಅನ್ನುವುದು ಕಣಗಳನ್ನು ಎಣಿಸುವ ಒಂದು ದೊಡ್ಡ ಘಟಕ, ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). ಕಡು ಬಿಸಿಲಿನಲ್ಲಿ ಇದು ಸುಮಾರು 2000. ಗಂಟೆಯ ಕೂಲಿಯಿಂದ ದಿನದ ದುಡಿಮೆ ಲೆಕ್ಕ ಹಾಕುವಂತೆ, ಇದನ್ನು ದೀಪ ಉರಿಯುವ ಸಮಯದಿಂದ ಗುಣಿಸಿದರೆ ಗಿಡದ ದಿನದ ಗಳಿಕೆ ಸಿಗುತ್ತದೆ. 100 ಮೈಕ್ರೋಮೋಲ್ ಬೆಳಕು 12 ಗಂಟೆ ಬಿದ್ದರೆ 4.3 ಮೋಲ್. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ನಂಥ ನೆರಳು ತಾಳುವ ಗಿಡಗಳಿಗೆ ಇಷ್ಟು ಸಾಕು. ಲೆಟಿಸ್ ಚೆನ್ನಾಗಿ ಬರಬೇಕಾದರೆ 12ರಿಂದ 17 ಮೋಲ್ ಬೇಕು, ಟೊಮೆಟೊಗೆ 20ಕ್ಕೂ ಜಾಸ್ತಿ. ಒಂದು ಸಣ್ಣ ದೀಪದ ಕೆಳಗೆ ಟೊಮೆಟೊ ಕಾಯಿ ಬಿಡಿಸುವ ಆಸೆ ಬೇಡ.

ಅಳೆಯುವ ಉಪಕರಣ ಇಲ್ಲದಿದ್ದರೆ ಫೋನಿನ ಲಕ್ಸ್ ಮೀಟರ್ ಆ್ಯಪ್ ಬಳಸಬಹುದು. ಬಿಳಿ ಎಲ್‌ಇಡಿಯಾದರೆ ಲಕ್ಸ್ ಅನ್ನು ಸುಮಾರು 70ರಿಂದ ಭಾಗಿಸಿ. 7000 ಲಕ್ಸ್ ಅಂದರೆ ಹತ್ತಿರ ಹತ್ತಿರ 100 ಮೈಕ್ರೋಮೋಲ್. ನೇರಳೆ ದೀಪಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಯಾಕೆಂದರೆ ಲಕ್ಸ್ ಎಂಬ ಅಳತೆಯೇ ಮನುಷ್ಯನ ಕಣ್ಣಿಗೆ ತಕ್ಕಂತೆ, ಹಸಿರಿಗೆ ಜಾಸ್ತಿ ತೂಕ ಕೊಟ್ಟು ಮಾಡಿದ್ದು.

ಇನ್ನು ದೂರ. ತುಂಬಾ ಜನ ಎಡವುವುದು ಇಲ್ಲಿಯೇ. ಸಣ್ಣ ಬಲ್ಬನ್ನು ಎರಡು ಪಟ್ಟು ದೂರಕ್ಕೆ ಸರಿಸಿದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಚಾವಣಿಯಲ್ಲಿ ಎಷ್ಟು ಒಳ್ಳೆಯ ಬಲ್ಬ್ ಹಾಕಿದರೂ ನೆಲದ ಮೇಲಿನ ಗಿಡಕ್ಕೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಅದೇ ಬಲ್ಬನ್ನು ಮೇಲೊಂದು ಪ್ರತಿಫಲಕ ಹಾಕಿ ಗಿಡದ ಒಂದಡಿ ಮೇಲೆ ತೂಗಿಬಿಡಿ, ಒಂದೆರಡು ವಾರದಲ್ಲಿ ಹೊಸ ಎಲೆಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಮೇಲಿನ ಎಲೆಗಳು ಬಿಳಚಿಕೊಂಡರೆ ಅಥವಾ ಸುರುಳಿಗಟ್ಟಿದರೆ ದೀಪ ತೀರಾ ಹತ್ತಿರವಾಯಿತು ಅಂತ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ '1000 ವ್ಯಾಟ್' ನೋಡಿ ಮರುಳಾಗಬೇಡಿ. ಎಷ್ಟೋ ಸಲ ಅದು '1000 ವ್ಯಾಟಿನ ಹಳೆಯ ಬಗೆಯ ದೀಪಕ್ಕೆ ಸಮ' ಎಂಬ ಹೇಳಿಕೆ ಮಾತ್ರ, ದೀಪ ನಿಜವಾಗಿ ಎಳೆಯುವ ವಿದ್ಯುತ್ ಎಷ್ಟೋ ಕಡಿಮೆ ಇರುತ್ತದೆ.

ಹಾಗಂತ ಹಗಲೂ ರಾತ್ರಿ ದೀಪ ಉರಿಸುವುದೂ ಬೇಡ. ಬಿಡುವಿಲ್ಲದ ಬೆಳಕಿನಲ್ಲಿ ಟೊಮೆಟೊ ಎಲೆಗಳು ಹಳದಿಯಾಗಿ ಹಾಳಾಗುತ್ತವೆ. ಸೇವಂತಿಗೆ, ಕಲಾಂಚೊ, ಪಾಯಿನ್‌ಸೆಟಿಯಾ ಇವೆಲ್ಲ ಹೂ ಬಿಡಲು ಉದ್ದನೆಯ ರಾತ್ರಿಗಾಗಿ ಕಾಯುವ ಗಿಡಗಳು. ಫೈಟೋಕ್ರೋಮ್ ಎಂಬ ವರ್ಣಕದ ಮೂಲಕ ಅವು ಕತ್ತಲನ್ನು ಗುರುತಿಸುತ್ತವೆ. ನಡುರಾತ್ರಿ ಸ್ವಲ್ಪ ಹೊತ್ತು ಕೆಂಪು ಬೆಳಕು ಬಿದ್ದರೂ ಸಾಕು, ಅವುಗಳ ಪಾಲಿಗೆ ಆ ಉದ್ದನೆಯ ರಾತ್ರಿ ತುಂಡಾಗುತ್ತದೆ. ಇಂಥವನ್ನು ಹೂ ಬಿಡಿಸಬೇಕಾದರೆ ದೀಪ 10 ಗಂಟೆ ಇದ್ದು ಆಮೇಲೆ ಪೂರಾ ಕತ್ತಲಾಗಲಿ. ಬರೀ ಎಲೆಗಾಗಿ ಬೆಳೆಸುವ ಗಿಡಕ್ಕೆ 12ರಿಂದ 14 ಗಂಟೆ ಸರಿ. ಇದಕ್ಕೆ ಒಂದು ಟೈಮರ್ ಹಾಕಿಬಿಡಿ, ನೆನಪಿಟ್ಟುಕೊಳ್ಳುವ ಕೆಲಸ ತಪ್ಪುತ್ತದೆ. ಬೆಳಕು ಹೆಚ್ಚಾದ ಮೇಲೆ ಗಿಡ ನೀರನ್ನೂ ಬೇಗ ಎಳೆಯುತ್ತದೆ. ಹಾಗಾಗಿ ಮೊದಲ ಕೆಲವು ವಾರ ಮಣ್ಣನ್ನು ಬೆರಳಿಟ್ಟು ನೋಡಿ, ಒಣಗಿದ್ದರೆ ನೀರು ಹಾಕಿ.