ಮೊದಲ 50 ಕಿಲೋಮೀಟರ್ ಟ್ರೇಲ್ ಓಟಕ್ಕೆ ಮುಂಚೆ ಯಾವ ಪುಸ್ತಕ ಓದಲಿ?

ಪ್ರಶ್ನೆ: ರಸ್ತೆಯಲ್ಲಿ ಮೂರು ಹಾಫ್, ಒಂದು ಫುಲ್ ಮ್ಯಾರಥಾನ್ ಓಡಿದ್ದೇನೆ. ಈಗ ಮಲೆನಾಡಿನ ಕಡೆ 50 ಕಿ.ಮೀ. ಟ್ರೇಲ್ ಓಟಕ್ಕೆ, ಅಂದರೆ ಕಾಡು-ಗುಡ್ಡದ ಕಾಲುದಾರಿಯ ಓಟಕ್ಕೆ, ಹೆಸರು ಕೊಟ್ಟಿದ್ದೇನೆ. ಆರು ತಿಂಗಳು ಇದೆ. ಕೇಳಿದವರೆಲ್ಲ 'ಬಾರ್ನ್ ಟು ರನ್' ಓದು ಅಂತಾರೆ. ಒಂದೇ ಪುಸ್ತಕ ಕೊಳ್ಳುವುದಾದರೆ ಅದನ್ನೇ ಕೊಳ್ಳಲಾ?

ಉತ್ತರ: ಅದನ್ನು ಓದಿ, ಆದರೆ ಮೊದಲು ಬೇಡ. ಒಂದೇ ಪುಸ್ತಕಕ್ಕೆ ದುಡ್ಡು ಹಾಕುವುದಾದರೆ ಬ್ರಯಾನ್ ಪೊವೆಲ್ 2011ರಲ್ಲಿ ಬರೆದ 'ರಿಲೆಂಟ್‌ಲೆಸ್ ಫಾರ್ವರ್ಡ್ ಪ್ರೋಗ್ರೆಸ್' ತಗೊಳ್ಳಿ. ಹೆಸರಿನ ಅರ್ಥ ಇಷ್ಟೇ: ಓಡಿಯೋ, ನಡೆದೋ, ಕುಂಟಿಯೋ, ಮುಂದಕ್ಕೆ ಹೋಗುತ್ತಲೇ ಇರು. ಅದರಲ್ಲಿ ವಾರವಾರದ ತರಬೇತಿ ಪಟ್ಟಿ ಇದೆ, ಊಟ-ನೀರಿನ ಲೆಕ್ಕ ಇದೆ, ಪಾದದ ಆರೈಕೆ ಇದೆ. ಭಾಷೆ ಸರಳ. ಅಲ್ಟ್ರಾ (ಮ್ಯಾರಥಾನ್‌ಗಿಂತ ಉದ್ದದ ಓಟ) ಓಡಿ ಗೊತ್ತಿರುವ ಅಣ್ಣನೊಬ್ಬ ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ.

ರಸ್ತೆಯಿಂದ ಬಂದವರಿಗೆ ಅದರಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ನಡಿಗೆಯ ಮಾತು. ಮ್ಯಾರಥಾನ್‌ನಲ್ಲಿ ನಡೆದರೆ ಸೋತ ಹಾಗೆ ಅನ್ನಿಸುತ್ತದೆ, ಅಲ್ವಾ? ಟ್ರೇಲ್‌ನಲ್ಲಿ ಹಾಗಲ್ಲ. ಕಡಿದಾದ ಏರನ್ನು ಜೋರಾಗಿ ನಡೆದು ಹತ್ತುವುದು ಒಂದು ವಿದ್ಯೆ, ಅದನ್ನೂ ಅಭ್ಯಾಸ ಮಾಡಬೇಕು. ನನಗೆ ಅದು ಗೊತ್ತಿರಲಿಲ್ಲ. ಮೊದಲ ಓಟದಲ್ಲಿ ಕಾಫಿ ತೋಟದ ಏರುಗಳನ್ನೆಲ್ಲ ಓಡಿಕೊಂಡೇ ಹತ್ತಿದೆ, ಪಕ್ಕದಲ್ಲಿ ಕೈಯನ್ನು ಮಂಡಿಯ ಮೇಲೆ ಊರಿಕೊಂಡು ನಡೆಯುತ್ತಿದ್ದವರನ್ನು ದಾಟಿ ಹೋದೆ, 30 ಕಿ.ಮೀ. ಹೊತ್ತಿಗೆ ತೊಡೆ ಕಲ್ಲಾಗಿ ಇಳಿಜಾರಿನಲ್ಲೂ ಓಡಲಾಗದೆ ನಿಂತಾಗ ಅವರೇ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು.

ಎರಡನೇ ಪುಸ್ತಕಕ್ಕೂ ದುಡ್ಡಿದ್ದರೆ ಜಾನ್ ವಾನ್‌ಹಾಫ್ ಅವರ 'ಫಿಕ್ಸಿಂಗ್ ಯುವರ್ ಫೀಟ್'. ಇಡೀ ಪುಸ್ತಕ ಪಾದದ ಬಗ್ಗೆ. ನಗಬೇಡಿ. ನಮ್ಮ ಕಡೆಯ ಟ್ರೇಲ್‌ಗಳಲ್ಲಿ ಹಳ್ಳ ದಾಟಬೇಕು, ಕೆಸರು ತುಳಿಯಬೇಕು, ಮಳೆಯಿದ್ದರೆ ಬೂಟು ಇಡೀ ದಿನ ಒದ್ದೆ. ಬೊಕ್ಕೆ ಏಳಲು ಬೇಕಾದದ್ದು ಮೂರೇ: ತೇವ, ಬಿಸಿ, ಉಜ್ಜಾಟ. ಮೂರನ್ನೂ ಅಲ್ಲಿನ ದಾರಿ ಪುಕ್ಕಟೆ ಕೊಡುತ್ತದೆ.

ನನಗಾದದ್ದು ಹೇಳುತ್ತೇನೆ. 12ನೇ ಕಿಲೋಮೀಟರ್ ಹತ್ತಿರ ಒಂದು ಹಳ್ಳ ದಾಟಿದೆವು. ಕಾಲ್ಚೀಲದೊಳಗೆ ಒಂದು ಚಿಟಿಕೆ ಮರಳು ಹೋಯಿತು. ಎಡ ಹಿಮ್ಮಡಿಯಲ್ಲಿ ಸಣ್ಣಗೆ ಬಿಸಿ ಅನ್ನಿಸಿತು, ರೂಪಾಯಿ ನಾಣ್ಯದಷ್ಟು ಜಾಗದಲ್ಲಿ. ನಿಂತು ಬೂಟು ಬಿಚ್ಚಿ ಮರಳು ಕೊಡವಿ ಒಂದು ತುಂಡು ಟೇಪ್ ಹಚ್ಚಲು ಮೂರು ನಿಮಿಷ ಸಾಕಿತ್ತು. ನಿಲ್ಲಲಿಲ್ಲ. ಕೊನೆಗೆ ಕಾಲ್ಚೀಲ ಬಿಚ್ಚಿದಾಗ ಚರ್ಮವೂ ಅದರ ಜೊತೆಗೇ ಬಂತು. ಹತ್ತು ದಿನ ಚಪ್ಪಲಿ ಬಿಟ್ಟು ಬೇರೇನೂ ಹಾಕಲಾಗಲಿಲ್ಲ.

ಆ ಬಿಸಿ ಅನ್ನಿಸುವ ಘಳಿಗೆಗೆ ಓಟಗಾರರು 'ಹಾಟ್ ಸ್ಪಾಟ್' ಅನ್ನುತ್ತಾರೆ. ಬೊಕ್ಕೆಯನ್ನು ತಡೆಯಲು ಸಿಗುವ ಸಮಯ ಅದೊಂದೇ. ಇಂಥ ಸಣ್ಣ ಸಣ್ಣ ವಿಷಯಗಳನ್ನು ಕಲಿಯದೆ ಹೋಗಬೇಡಿ: ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಬೇಕು, ಇಲ್ಲದಿದ್ದರೆ ಮೂಲೆ ಸಿಕ್ಕಿಕೊಂಡು ಏಳುತ್ತದೆ. ಉಗುರು ಕತ್ತರಿಸಿದರೆ ಸಾಲದು, ಅಂಚನ್ನು ಉಜ್ಜಿ ನಯ ಮಾಡಬೇಕು. ದಾರಿಯಲ್ಲಿ ಬೊಕ್ಕೆ ಒಡೆಯಲೇಬೇಕಾಗಿ ಬಂದರೆ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಬೇಕು, ಮೇಲಿನ ಚರ್ಮ ಕೀಳಬಾರದು. ಇದನ್ನೆಲ್ಲ ಮನೆಯಲ್ಲೇ, ಸಾವಧಾನವಾಗಿ ಕೂತು, ಒಮ್ಮೆ ಮಾಡಿ ನೋಡಿ.

ಈಗ 'ಬಾರ್ನ್ ಟು ರನ್'. ಕ್ರಿಸ್ಟೋಫರ್ ಮೆಕ್‌ಡೂಗಲ್ ಬರೆದದ್ದು, 2009ರದು. ಮೆಕ್ಸಿಕೋದ ಕಾಪರ್ ಕ್ಯಾನ್ಯನ್ ಕಣಿವೆಗಳ ರರಾಮುರಿ ಜನರು ತೆಳು ಚಪ್ಪಲಿಯಲ್ಲಿ ಗಂಟೆಗಟ್ಟಲೆ ಓಡುವುದು, ಕೊನೆಗೆ 2006ರಲ್ಲಿ ಅದೇ ಕಣಿವೆಯಲ್ಲಿ ಅವರೂ ಅಮೆರಿಕದ ಓಟಗಾರರೂ ಜೊತೆಯಾಗಿ ಓಡಿದ ಓಟ. ಹಿಡಿದರೆ ಬಿಡಲಾಗದ ಪುಸ್ತಕ. ನಾನು ಎರಡು ಸಲ ಓದಿದ್ದೇನೆ. ಆದರೆ ಅದು ಕಥೆ, ತರಬೇತಿಯ ಪುಸ್ತಕವಲ್ಲ. ಓದಿದ ಉತ್ಸಾಹದಲ್ಲಿ ಮರುದಿನವೇ ದಪ್ಪ ಅಟ್ಟೆಯ ಬೂಟು ಮೂಲೆಗೆ ಹಾಕಬೇಡಿ. ತೆಳು ಅಟ್ಟೆಯಲ್ಲಿ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೂ ಭಾರ ಜಾಸ್ತಿ ಬೀಳುತ್ತದೆ. ರರಾಮುರಿಗಳು ಚಿಕ್ಕಂದಿನಿಂದ ಹಾಗೆ ಓಡಿದವರು, ನಮ್ಮ ಕಾಲು ಇಪ್ಪತ್ತು ವರ್ಷ ಬೂಟಿನೊಳಗೆ ಇದ್ದದ್ದು. ಬದಲಾಯಿಸಲೇಬೇಕೆಂದಿದ್ದರೆ ತಿಂಗಳುಗಟ್ಟಲೆ ತಗೊಳ್ಳಿ, ಓಟ ಮುಗಿದ ಮೇಲೆ ಶುರು ಮಾಡಿ. ಮೂರನೇ ತಿಂಗಳಲ್ಲಿ ಬೆಳಗಿನ ಜಾವ ಏಳಲು ಬೇಜಾರಾಗುತ್ತದೆ ನೋಡಿ, ಆಗ ಈ ಪುಸ್ತಕ ತೆಗೆಯಿರಿ.

ಸಸ್ಯಾಹಾರಿಗಳು ನನ್ನನ್ನು ಪದೇ ಪದೇ ಕೇಳುತ್ತಾರೆ: ಮಾಂಸ, ಮೊಟ್ಟೆ ಇಲ್ಲದೆ ಇಷ್ಟು ದೂರ ಓಡಲಾಗುತ್ತಾ? ಅವರಿಗೆ ಸ್ಕಾಟ್ ಜುರೆಕ್ ಅವರ 'ಈಟ್ ಆ್ಯಂಡ್ ರನ್' ಕೊಡುತ್ತೇನೆ. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟವನ್ನು 1999ರಿಂದ 2005ರವರೆಗೆ ಸತತ ಏಳು ಸಲ ಗೆದ್ದವರು. ಹಾಲು, ಮೊಸರು ಕೂಡ ಮುಟ್ಟದ ಊಟಕ್ಕೆ ಬಂದ ಕಥೆಯನ್ನೂ, ಕಾಯಿಲೆಯಿಂದ ನಿಧಾನವಾಗಿ ಕೈಕಾಲು ಸೋಲುತ್ತಿದ್ದ ತಾಯಿಯ ಕಥೆಯನ್ನೂ ಒಟ್ಟಿಗೆ ಹೇಳುತ್ತಾರೆ. ಅಧ್ಯಾಯದ ಕೊನೆಗೆ ಒಂದೊಂದು ಅಡುಗೆ. ಅಡುಗೆಗಳು ನಮ್ಮ ಅಡುಗೆಮನೆಗೆ ಅಷ್ಟು ಹೊಂದುವುದಿಲ್ಲ, ಅದು ಪರವಾಗಿಲ್ಲ. ನಮ್ಮಲ್ಲಿ ಉಪ್ಪು ಹಾಕಿದ ಆಲೂಗಡ್ಡೆ, ಬಾಳೆಹಣ್ಣು, ಕಡಲೆ ಚಿಕ್ಕಿ ಇವೆ. ಯಾವುದೇ ಆಗಲಿ, ಅಭ್ಯಾಸದ ಉದ್ದ ಓಟಗಳಲ್ಲಿ ತಿಂದು ನೋಡದ್ದನ್ನು ಓಟದ ದಿನ ತಿನ್ನಬೇಡಿ.

ಜೇಸನ್ ಕೂಪ್ ಅವರ ತರಬೇತಿ ಪುಸ್ತಕವನ್ನೂ, ಸ್ಟೀವ್ ಹೌಸ್, ಸ್ಕಾಟ್ ಜಾನ್‌ಸ್ಟನ್, ಕಿಲಿಯನ್ ಜೋರ್ನೆಟ್ ಸೇರಿ ಬರೆದ 'ಟ್ರೇನಿಂಗ್ ಫಾರ್ ದ ಅಪ್‌ಹಿಲ್ ಅಥ್ಲೀಟ್' ಅನ್ನೂ ಜನ ಹೊಗಳುತ್ತಾರೆ. ಎರಡೂ ಗಟ್ಟಿ ಪುಸ್ತಕಗಳು. ಮೊದಲ 50ಕ್ಕೆ ಅಷ್ಟು ಬೇಕಿಲ್ಲ, 80 ಅಥವಾ 100ಕ್ಕೆ ಹೋಗುವಾಗ ನೋಡಿ.

ನನಗೆ ತುಂಬಾ ಇಷ್ಟವಾದ ಪುಸ್ತಕ ಇವ್ಯಾವುದೂ ಅಲ್ಲ. ರಿಚರ್ಡ್ ಆಸ್ಕ್‌ವಿತ್ 2004ರಲ್ಲಿ ಬರೆದ 'ಫೀಟ್ ಇನ್ ದ ಕ್ಲೌಡ್ಸ್'. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ ಓಡುವವರ ಪುಸ್ತಕ. ಅಲ್ಲಿ ಕೆಸ್ವಿಕ್ ಊರಿನಲ್ಲಿ ವಸತಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರಲ್ಲಿ 24 ಗಂಟೆಯೊಳಗೆ 42 ಶಿಖರ ಹತ್ತಿ ಇಳಿದರು. ಕಾಲಿಗೆ ಟೆನಿಸ್ ಬೂಟು. ಮತ್ತೊಬ್ಬರು ಅದನ್ನು ಮಾಡಲು 1960 ಆಗಬೇಕಾಯಿತು. ಇವತ್ತಿಗೂ ಆ 42 ಶಿಖರಗಳ ದಾರಿಗೆ ಅವರದೇ ಹೆಸರು. ಅದನ್ನು ಮುಗಿಸಲು ಲೇಖಕರು ಮತ್ತೆ ಮತ್ತೆ ಹೋಗಿ ಸೋತು ಬರುತ್ತಾರೆ, ಮತ್ತೆ ಹೋಗುತ್ತಾರೆ. ಕುರಿ ಕಾಯುವವರು, ಕಲ್ಲು ಒಡೆಯುವವರು ಅಲ್ಲಿಯ ದೊಡ್ಡ ಓಟಗಾರರು. ದೊಡ್ಡ ಬಹುಮಾನ ಅಂತ ಏನೂ ಇಲ್ಲ. ಓದುತ್ತಿದ್ದರೆ ನಮ್ಮ ಘಟ್ಟದ ಮಂಜು, ಜಾರುವ ಹುಲ್ಲು ನೆನಪಾಗುತ್ತದೆ.

ಇನ್ನು ಓಟದ ಹಿಂದಿನ ವಾರ ತರಬೇತಿ ಪುಸ್ತಕ ಮುಚ್ಚಿಬಿಡಿ, ಆಗ ಓದಿದ್ದು ಬರೀ ಗಾಬರಿ ಮಾಡುತ್ತದೆ. ಜಪಾನಿನ ಕಾದಂಬರಿಕಾರ ಹರುಕಿ ಮುರಕಾಮಿ ಓಟದ ಬಗ್ಗೆ ಬರೆದ ಪುಸ್ತಕದಲ್ಲಿ ಅಲ್ಲಿನ ಸರೋಮಾ ಸರೋವರದ 100 ಕಿ.ಮೀ. ಓಟದ ಅಧ್ಯಾಯ ಒಂದನ್ನು ಮಾತ್ರ ಓದಿ. 1996ರ ಜೂನ್. 55ನೇ ಕಿಲೋಮೀಟರ್‌ನಲ್ಲಿ ನಿಂತು ಬಟ್ಟೆ, ಬೂಟು ಬದಲಾಯಿಸುತ್ತಾರೆ. ಅಲ್ಲಿಂದ 75ರವರೆಗೆ ಮೈಯ ಒಂದೊಂದು ಭಾಗವೂ ಸರದಿಯ ಮೇಲೆ ಜಗಳ ತೆಗೆಯುತ್ತದೆ, ತಾನು ಮನುಷ್ಯನಲ್ಲ, ಯಂತ್ರ ಅಂತ ಹೇಳಿಕೊಂಡು ಓಡುತ್ತಾರೆ. 75ರ ಹತ್ತಿರ ಏನೋ ಒಂದು ದಾಟಿದ ಹಾಗಾಗಿ ನೋವು ಹಿಂದೆ ಉಳಿಯುತ್ತದೆ. 11 ಗಂಟೆ 42 ನಿಮಿಷಕ್ಕೆ ಮುಗಿಸುತ್ತಾರೆ. ನಿಮ್ಮ 50ರಲ್ಲಿ ಆ ಜಗಳ ಬಹುಶಃ 35ರ ಸುತ್ತಮುತ್ತ ಶುರುವಾಗುತ್ತದೆ. ಆಗ ಮೊದಲು ಹಿಮ್ಮಡಿ ನೋಡಿಕೊಳ್ಳಿ.